ಸಾದರ ಪತ್ರಪ್ಪ ರಸ್ತೆಯಿಂದ ಜೆ. ಸಿ. ರಸ್ತೆಯವರೆಗೆ

ಬೆಂಗಳೂರನ್ನು ನೋಡಲು ಬಂದ ನಂಟರನ್ನು ನಾವು ಲಾಲ್‌ಬಾಗಿಗೆ ಕರೆದೊಯ್ಯುತ್ತೇವೆ. ಬಸವನಗುಡಿಯ ದೊಡ್ಡ ಬಸವಣ್ಣನ ದರ್ಶನ ಮಾಡಿಸುತ್ತೇವೆ. ಸಂಜೆಯಾಯಿತೆಂದರೆ ವಿಧಾನಸೌಧದ ಮುಂದೆ ಒಂದು ಸುತ್ತು ಹಾಕಿಸಿ ಮನೆಗೆ ಮರಳುತ್ತೇವೆ. ಇವೆಲ್ಲ ನೋಡತಕ್ಕ ಸ್ಥಳಗಳೇ, ಸಂದೇಹವಿಲ್ಲ. ಆದರೆ ಊರೊಂದರ ಕೈಚಳಕವನ್ನು ಕಾಣಬೇಕೆಂಬವರು ಅದರ ಕಸಬಿನ ಬೀದಿಗಳಲ್ಲಿ ತಿರುಗಬೇಕು. ಅಂಥ ಎರಡು ಬೀದಿಗಳ ಸಂಗತಿಯನ್ನು, ಅಲ್ಲಿ ಒಂದು ಹಳೆಯ ಕಾರಿಗೆ ಹೊಸ ಸ್ಟೀರಿಯೋವನ್ನೂ ಅಂಗೈಯಗಲದ ಕಂಪ್ಯೂಟರನ್ನೂ ಕೂಡಿಸಿದ ವೃತ್ತಾಂತದೊಡನೆ, ವಾಚಕರ ಮುಂದಿಡುತ್ತೇನೆ.

ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿಸಿದರೆಂದು ಹೇಳುವ ಹಳೆಯ ಪೇಟೆಯಲ್ಲಿ ಒಂದೊಂದು ಕಸಬಿಗೆ ಒಂದೊಂದು ಕೇರಿಯಿದ್ದಿತು. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಕಾಲ ತಿರುಗಿ ಹೊಸ ಕಸಬುಗಳು ಹುಟ್ಟಿದರೂ ಈ ಪದ್ಧತಿ ಅಳಿಯಲಿಲ್ಲ. ೧೯೩೫ರಲ್ಲಿ ಕಟ್ಟಿ ಮುಗಿದ ಪುಟ್ಟಣ್ಣ ಚೆಟ್ಟಿಯವರ ಪುರಭವನವನ್ನು ಗುರುತಾಗಿಟ್ಟುಕೊಂಡರೆ ನಾನು ಹೇಳುವ ಎರಡು ಬೀದಿಗಳೂ ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆ. ನಗರ್ತಪೇಟೆಯ ಬದಿಯಲ್ಲಿರುವುದು ಸಾದರ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್. ಪಿ. ರೋಡು, ಇದು ವಿದ್ಯುತ್ ಸಾಮಾನಿನ ಮತ್ತು ಕಂಪ್ಯೂಟರ್ ಬಿಡಿಭಾಗಗಳ ಬೀದಿ. ರವೀಂದ್ರ ಕಲಾಕ್ಷೇತ್ರವನ್ನು ಹಾದು ದಕ್ಷಿಣಕ್ಕೆ ಮಿನರ್ವ ವೃತ್ತದ ಕಡೆಗೆ ಹೋಗುವುದು ಜಯಚಾಮರಾಜೇಂದ್ರ ರಸ್ತೆ, ಅರ್ಥಾತ್ ಜೆ. ಸಿ. ರೋಡು, ಇದು ಮೋಟಾರು ಬಂಡಿಗಳ ಬಿಡಿಭಾಗಗಳಿಗೂ ಒಳಗಣ ಅಲಂಕಾರಗಳಿಗೂ ಹೆಸರಾದ ಬೀದಿ. ಮೆಟ್ರೋ ರೈಲಿನಲ್ಲಿ ಬರುವವರು ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿದು ನಡೆದುಬರಬಹುದು. ಕಾರಿನಲ್ಲಿ ಬರುವವರು ಅದನ್ನು ನಿಲ್ಲಿಸುವ ಜಾಗದ ಚಿಂತೆಯನ್ನೂ ಜೊತೆಗೆ ತರಬೇಕು.

ನಾವು ಅಲ್ಲಿಗೆ ಹೋದ ಕಾರಣ ಇದು. ನನ್ನ ಭಾವನವರಲ್ಲಿ ೨೦೦೪ರ ಒಂದು ಮಾರುತಿ ೮೦೦ ಕಾರು ಇದೆ. ಅದನ್ನು ಮಾರಿಬಿಡಿರೆಂದು ಎಲ್ಲರೂ ಹೇಳಿದ್ದಾಯಿತು; ಅವರು ಮಾರಲಿಲ್ಲ. ಅದರಲ್ಲಿದ್ದ ಕ್ಯಾಸೆಟ್ ಯಂತ್ರ ಕೆಟ್ಟು ಮೂಕವಾಗಿ ಬಹಳ ಕಾಲವಾಗಿತ್ತು. ಅಕ್ಕ ಬದುಕಿದ್ದಾಗ ಹಬ್ಬಹರಿದಿನಗಳಲ್ಲಿ ಹೇಳುತ್ತಿದ್ದ ದೇವರನಾಮಗಳನ್ನೂ ಹಸೆಯ ಹಾಡುಗಳನ್ನೂ ಹನ್ನೆರಡು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಅಕ್ಕ ಹೋದ ಮೇಲೆ ಆ ಕ್ಯಾಸೆಟ್ಟುಗಳು ಬೀರುವಿನಲ್ಲಿ ಕೂತವು. ಅವಳ ಮಗ, ನನ್ನ ಸೋದರಳಿಯ, ಅವೆಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಒಂದು ಚಿಕ್ಕ ಕಾರ್ಡಿನಲ್ಲಿ ತುಂಬಿಸಿದನು. ತಂದೆಯವರು ತಿಂಗಳಿಗೊಮ್ಮೆ ತುಮಕೂರಿಗೆ ಹೋಗಿಬರುವಾಗ ದಾರಿಯಲ್ಲಿ ಇದನ್ನು ಕೇಳಬೇಕೆಂಬುದು ಅವನ ಆಸೆ. ಆದರೆ ಎಪ್ಪತ್ತು ದಾಟಿದವರು ಗಾಜಿನ ತೆರೆಯ ಮೇಲೆ ಬೆರಳಾಡಿಸುತ್ತ ಕಾರು ನಡೆಸುವುದು ಅಪಾಯ. ಆದಕಾರಣ, "ಮಾಮ, ಅಪ್ಪನಿಗೆ ಒಂದೇ ಗುಂಡಿ ಇರಬೇಕು. ತಿರುಗಿಸಿದರೆ ಮುಂದಿನ ಹಾಡು, ಒತ್ತಿದರೆ ನಿಲ್ಲಬೇಕು. ಮಿಕ್ಕದ್ದೆಲ್ಲ ಹಿಂದೆ ಅಡಗಿರಬೇಕು" ಎಂದು ಅವನು ಹೇಳಿದನು. ಅಂಗಡಿಗಳಲ್ಲಿ ಸಿದ್ಧವಾಗಿ ಸಿಕ್ಕುವ ಯಂತ್ರಗಳು ಇದಕ್ಕೆ ಒದಗುವುವಲ್ಲ, ಮಾಡಿಸಿಯೇ ತೀರಬೇಕು.

ಮೊದಲು ಎಸ್. ಪಿ. ರೋಡಿಗೆ ಹೋದೆವು. ಇಲ್ಲಿಯ ಅಂಗಡಿಗಳು ಅಗಲ ಕಡಿಮೆ, ಉದ್ದ ಹೆಚ್ಚು. ಬಾಗಿಲಲ್ಲಿ ನಿಂತರೆ ಗೋಡೆಯ ತುಂಬ ಸಣ್ಣ ಸಣ್ಣ ಡಬ್ಬಿಗಳು ಕಾಣುತ್ತವೆ. ಸಾಸುವೆ ಕಾಳಿನಷ್ಟಿರುವ ಬಿಡಿಭಾಗಗಳನ್ನು ಅಂಗಡಿಯವರು ಹೆಸರು ಕೇಳಿದೊಡನೆ ಕಣ್ಣುಮುಚ್ಚಿ ತೆಗೆದುಕೊಡುತ್ತಾರೆ. ಹಳ್ಳಿಯ ಶೆಟ್ಟರ ಅಂಗಡಿಯಲ್ಲಿ ಲವಂಗ, ಏಲಕ್ಕಿ ಕೊಳ್ಳುವಂತೆಯೇ ಇಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು ಹತ್ತು ರೆಸಿಸ್ಟರು, ನಾಲ್ಕು ಸ್ವಿಚ್ಚು ಎಂದು ಚೀಟಿ ಹಿಡಿದು ನಿಂತಿರುತ್ತಾರೆ. ಅಳಿಯನ ಚೀಟಿಯಲ್ಲಿ ಮೊದಲನೆಯದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು. ಮಕ್ಕಳು ಕಂಪ್ಯೂಟರ್ ವಿದ್ಯೆಯನ್ನು ಕಡಿಮೆ ಖರ್ಚಿನಲ್ಲಿ ಕಲಿಯಲೆಂದು ಬ್ರಿಟನ್ನಿನಲ್ಲಿ ರೂಪಿಸಿ ೨೦೧೨ರಲ್ಲಿ ಮಾರಾಟಕ್ಕೆ ತಂದ ಪದಾರ್ಥ ಇದು. ಉದ್ದ ೮೫ ಮಿಲ್ಲಿಮೀಟರು, ಅಗಲ ೫೬. ಎಲೆಯಡಿಕೆ ಸಂಚಿಯಲ್ಲಿ ಹಿಡಿಸುವಷ್ಟು. ತರುವಾಯ ತಿರುಗಿಸುವ ಗುಂಡಿ, ಒಂದು ರಿಲೇ, ಫ್ಯೂಸು ಮತ್ತು ಅದರ ಗೂಡು, ಇವುಗಳೊಡನೆ ವೋಲ್ಟೇಜನ್ನು ಇಳಿಸುವ ಒಂದು ಸಣ್ಣ ಯಂತ್ರ.

ಈ ಕೊನೆಯದರ ಅಗತ್ಯವನ್ನು ವಿವರಿಸಬೇಕು. ಕಾರಿನ ಬ್ಯಾಟರಿಯನ್ನು ೧೨ ವೋಲ್ಟಿನದೆಂದು ಹೇಳುವುದು ವಾಡಿಕೆ. ಎಂಜಿನ್ ನಡೆಯುತ್ತಿರುವಾಗ ಅದು ಸುಮಾರು ೧೪ಕ್ಕೆ ಏರುತ್ತದೆ. ಕೀಲಿ ತಿರುಗಿಸಿ ಎಂಜಿನ್ ಹೊಡೆಯುವ ಆ ಎರಡು ಕ್ಷಣ ೧೦ಕ್ಕಿಂತಲೂ ಕೆಳಗೆ ಕುಸಿಯಬಹುದು. ನಮ್ಮ ಪುಟ್ಟ ಕಂಪ್ಯೂಟರಿಗಾದರೋ ಬೇಕಾದದ್ದು ಏರಿಳಿತವಿಲ್ಲದ ೫ ವೋಲ್ಟು, ೩ ಆಂಪಿಯರಿನವರೆಗೆ. ಇಬ್ಬರ ನಡುವೆ ದುಭಾಷಿಯಂತೆ ನಿಂತು ಏರಿಳಿತವನ್ನು ತಾನು ನುಂಗಿ, ಹದವಾದ ವಿದ್ಯುತ್ತನ್ನು ದಾಟಿಸುವುದೇ ಈ ಯಂತ್ರದ ಕೆಲಸ. ಅಂಗಡಿಯ ಮುದುಕರು ಅದನ್ನು ಮೀಟರಿಗೆ ಹಿಡಿದು ಸರಿಯಾಗಿ ೫ ವೋಲ್ಟು ಬರುತ್ತದೆಂದು ತೋರಿಸಿದ ಮೇಲೆಯೇ ಕಾಸು ತೆಗೆದುಕೊಂಡರು.

ಇಷ್ಟನ್ನು ಚೀಲಕ್ಕೆ ತುಂಬಿ ಜೆ. ಸಿ. ರೋಡಿಗೆ ಬಂದೆವು. ಭಾವನವರು ಕಾರನ್ನು ಅಲ್ಲಿಗೇ ತಂದಿದ್ದರು. ಈ ಬೀದಿಯಲ್ಲಿ ಸೀಟಿನ ಹೊದಿಕೆ, ಕಾಲಡಿಯ ಮ್ಯಾಟು, ದೀಪ, ಹಾರನ್ನು, ಸ್ಪೀಕರು, ಎಲ್ಲವೂ ಅಂಗಡಿಯ ಮುಂದೆ ತೋರಣದಂತೆ ತೂಗಾಡುತ್ತವೆ. ಕೆಲಸ ನಡೆಯುವುದು ಬಹಳ ಮಟ್ಟಿಗೆ ರಸ್ತೆಯ ಅಂಚಿನಲ್ಲಿಯೇ. ಒಬ್ಬನು ಕಾರಿನ ಬಾಗಿಲನ್ನು ಬಿಚ್ಚಿ ಹಲಗೆಯಂತೆ ಒರಗಿಸಿರುತ್ತಾನೆ. ಇನ್ನೊಬ್ಬನ ಕಾಲುಗಳು ಮಾತ್ರ ಹೊರಗೆ ಕಾಣುತ್ತವೆ, ಮೈಯೆಲ್ಲ ಡ್ಯಾಶ್‌ಬೋರ್ಡಿನ ಅಡಿಯಲ್ಲಿರುತ್ತದೆ. ಕನ್ನಡ, ಉರ್ದು, ತಮಿಳು ಮೂರೂ ಒಂದೇ ವಾಕ್ಯದಲ್ಲಿ ಬಂದುಹೋಗುತ್ತವೆ. ಗುರುತಿನವರು ಹೇಳಿದ ಒಬ್ಬ ಮೇಸ್ತ್ರಿಯ ಬಳಿಗೆ ನಾವು ಹೋದೆವು. ಐವತ್ತರ ಆಸುಪಾಸಿನ ವಯಸ್ಸು, ಮಾತು ಕಡಿಮೆ.

ಅವರು ಮೊದಲು ಬಾನೆಟ್ಟು ಎತ್ತಿ ಬ್ಯಾಟರಿಯ ಋಣ ತುದಿಯನ್ನು ಕಳಚಿದರು. ವಿದ್ಯುತ್ತಿನ ಕೆಲಸಕ್ಕೆ ಮುನ್ನ ಇದೇ ಮೊದಲ ಶಾಸ್ತ್ರ. ಗಾಳಿಚೀಲಗಳಿರುವ ಹೊಸ ಕಾರುಗಳಲ್ಲಂತೂ ಇದನ್ನು ಮಾಡಿ ಕೆಲವು ನಿಮಿಷ ಕಾದ ಹೊರತು ಕೈಹಾಕಲಾಗದು. ಅನಂತರ ನಾಲ್ಕು ತಿರುಪುಗಳನ್ನು ತೆಗೆದು ಹಳೆಯ ಕ್ಯಾಸೆಟ್ ಯಂತ್ರವನ್ನು ಮುಂದಕ್ಕೆಳೆದರು. ಎಳೆದವರು ಸುಮ್ಮನಾದರು. ಒಂದು ಕ್ಷಣದ ಮೇಲೆ, "ಯಜಮಾನ್ರೇ, ಸ್ವಲ್ಪ ಇಲ್ಲಿ ಬಂದು ನೋಡಿ" ಎಂದು ಭಾವನವರನ್ನು ಕರೆದರು.

ಹಿಂದೆ ಎಂದೋ, ಯಾವುದೋ ಅಂಗಡಿಯಲ್ಲಿ, ಆ ಯಂತ್ರಕ್ಕೆ ಬ್ಯಾಟರಿಯಿಂದ ನೇರವಾಗಿ ಒಂದು ವೈರನ್ನು ತಂದಿದ್ದರು. ಎಂಜಿನ್ನಿಗೂ ನಮ್ಮ ಕಾಲಿಗೂ ನಡುವಣ ತಗಡಿನ ಗೋಡೆಯಲ್ಲಿ ತೂತು ಕೊರೆದು ದಾಟಿಸಿದ್ದರು. ತೂತಿಗೆ ರಬ್ಬರಿನ ಬುಷ್ಷು ಹಾಕಿರಲಿಲ್ಲ. ವೈರುಗಳನ್ನು ಬೆಸೆಯದೆ ಬರಿಯ ಕೈಯಿಂದ ಹೊಸೆದು ಟೇಪು ಸುತ್ತಿದ್ದರು. ಟೇಪಿನ ಅಂಟು ಬಿಸಿಲಿಗೆ ಕರಗಿ ಜಾರಿತ್ತು. ಎಲ್ಲಕ್ಕೂ ಮಿಗಿಲಾಗಿ, ಬ್ಯಾಟರಿಯಿಂದ ಇಲ್ಲಿಯವರೆಗೆ ಎಲ್ಲಿಯೂ ಫ್ಯೂಸು ಇರಲಿಲ್ಲ. ಕಾರು ಕುಲುಕಿದಾಗಲೆಲ್ಲ ತಗಡಿನ ಅಂಚು ವೈರಿನ ಮೇಲುಹೊದಿಕೆಯನ್ನು ತೇಯುತ್ತ ಬಂದು, ಒಂದು ಕಡೆ ತಾಮ್ರ ಹೊಳೆಯುತ್ತಿತ್ತು. ಅದರ ಪಕ್ಕದ ಹೊದಿಕೆ ಕಪ್ಪಾಗಿ ಉಬ್ಬಿತ್ತು. "ಕಳೆದ ಮಳೆಗಾಲದಲ್ಲಿ ಒಂದು ದಿನ ಸುಟ್ಟ ವಾಸನೆ ಬಂದಿತ್ತು. ಹೊರಗಿನದಿರಬೇಕು ಅಂದುಕೊಂಡೆ" ಎಂದರು ಭಾವನವರು. ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮೊಮ್ಮಕ್ಕಳು ಎಷ್ಟು ಸಲ ತುಮಕೂರಿಗೆ ಹೋಗಿದ್ದರೆಂಬುದನ್ನು ನೆನೆದು ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಫ್ಯೂಸಿನ ವಿಷಯದಲ್ಲಿ ಗೃಹಸ್ಥರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದು ಯಂತ್ರವನ್ನು ಕಾಪಾಡುವುದೆಂದು ಹಲವರು ಭಾವಿಸುತ್ತಾರೆ. ಮುಖ್ಯವಾಗಿ ಅದು ಕಾಪಾಡುವುದು ವೈರನ್ನು. ಕಾರಿನ ಮೈಯೆಲ್ಲ ಬ್ಯಾಟರಿಯ ಋಣ ತುದಿಗೆ ಸೇರಿರುವುದರಿಂದ, ಧನ ತುದಿಯ ಬರಿಯ ತಾಮ್ರ ತಗಡಿಗೆ ತಗಲಿದೊಡನೆ ಬ್ಯಾಟರಿಯ ಶಕ್ತಿಯೆಲ್ಲ ಆ ಎಳೆಯ ಮೂಲಕ ನುಗ್ಗುತ್ತದೆ; ವೈರು ಕೆಂಡವಾಗುತ್ತದೆ. ಫ್ಯೂಸು ಇದ್ದರೆ ಅದು ಮೊದಲು ಕರಗಿ ದಾರಿಯನ್ನು ಕತ್ತರಿಸುತ್ತದೆ. ಆದುದರಿಂದ ಅದು ಬ್ಯಾಟರಿಗೆ ಆದಷ್ಟು ಹತ್ತಿರವಿರಬೇಕು. ಎಳೆಯ ದಪ್ಪಕ್ಕೆ ತಕ್ಕದ್ದಾಗಿರಬೇಕು. ಪದೇ ಪದೇ ಕರಗುತ್ತದೆಂದು ದೊಡ್ಡ ಫ್ಯೂಸನ್ನು ಹಾಕುವುದು, ಕಳ್ಳನನ್ನು ಕಂಡು ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ.

ಮೇಸ್ತ್ರಿ ಹಳೆಯ ವೈರನ್ನು ಪೂರ್ತಿಯಾಗಿ ಎಳೆದುಹಾಕಿದರು. ಅವರು ಹೊಸದನ್ನು ಎಳೆಯುತ್ತಿರುವಾಗ ಈ ವಿದ್ಯೆಯ ಪೂರ್ವಕಥೆ ನನಗೆ ನೆನಪಾಯಿತು. ಇದು ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಷಿಕಾಗೋ ನಗರದ ಪಾಲ್ ಗಾಲ್ವಿನ್ ಎಂಬವರು ೧೯೩೦ರಲ್ಲಿ ತಮ್ಮ ಸ್ಟುಡಿಬೇಕರ್ ಕಾರಿಗೆ ರೇಡಿಯೋ ಕೂಡಿಸಿ, ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೋ ತಯಾರಕರ ಸಮ್ಮೇಳನ ನಡೆಯುತ್ತಿದ್ದಾಗ ಅದರ ಹೊರಗೆ ಕಾರನ್ನು ನಿಲ್ಲಿಸಿ, ಹೋಗಿಬರುವವರಿಗೆಲ್ಲ ಕೇಳಿಸಿದರು. ಆ ರೇಡಿಯೋಗೆ ಇಟ್ಟ ಮೋಟೊರೋಲಾ ಎಂಬ ಹೆಸರೇ ಮುಂದೆ ಅವರ ಸಂಸ್ಥೆಯ ಹೆಸರಾಯಿತು. ನಮ್ಮ ನಾಡಿನಲ್ಲಿ ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ತೊಡಗಿದ್ದು ಇದಾದ ಐದು ವರ್ಷಗಳಿಗೆ, ೧೯೩೫ರಲ್ಲಿ. ಆಗಿನ ಕಾರಿನ ರೇಡಿಯೋ ಒಂದು ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯನ್ನೂ ಸ್ಪೀಕರನ್ನೂ ಮರೆಯಲ್ಲಿಟ್ಟು, ತಿರುಗಿಸುವ ಗುಂಡಿಯನ್ನು ಮಾತ್ರ ಕೈಗೆ ನಿಲುಕುವಂತೆ ಮುಂದಿಡುತ್ತಿದ್ದರು. ಎಂಜಿನ್ನಿನ ಕಿಡಿಗಳಿಂದ ಹುಟ್ಟುವ ಗರಗರ ಸದ್ದನ್ನು ಅಡಗಿಸುವುದೇ ಅಂದಿನವರ ದೊಡ್ಡ ಪಾಡಾಗಿದ್ದಿತು. ನನ್ನ ಅಳಿಯನ ಏರ್ಪಾಡೂ ಅದೇ ಅಲ್ಲವೆ? ಗುಂಡಿ ಮುಂದೆ, ಮಿಕ್ಕದ್ದು ಮರೆಯಲ್ಲಿ.

ಕ್ರಮೇಣ ಯಂತ್ರ ಚಿಕ್ಕದಾಗಿ ಡ್ಯಾಶ್‌ಬೋರ್ಡಿನೊಳಗೆ ಸೇರಿತು. ಜರ್ಮನಿಯವರು ಅದರ ಮುಖಕ್ಕೆ ಒಂದು ಅಳತೆಯನ್ನು ಗೊತ್ತುಮಾಡಿದರು: ಅಗಲ ೧೮೦ ಮಿಲ್ಲಿಮೀಟರು, ಎತ್ತರ ೫೦. ಇದೇ ಎರಡರಷ್ಟು ಎತ್ತರವಿದ್ದರೆ ಡಬಲ್ ಡಿನ್. ಈ ಒಂದು ಒಪ್ಪಂದದಿಂದಲೇ ಯಾವ ದೇಶದ ಸ್ಟೀರಿಯೋವಾದರೂ ಯಾವ ದೇಶದ ಕಾರಿನ ಕಿಂಡಿಗಾದರೂ ಕೂಡುವಂತಾಯಿತು, ಜೆ. ಸಿ. ರೋಡಿನಂಥ ಬೀದಿಗಳಿಗೆ ಅನ್ನ ದೊರೆಯಿತು.

ಹೊಸ ಸ್ಟೀರಿಯೋದ ಹಿಂಬದಿಯಿಂದ ಬಣ್ಣಬಣ್ಣದ ವೈರುಗಳ ಜಡೆ ಇಳಿಬಿದ್ದಿತ್ತು. ವಾಡಿಕೆಯಂತೆ ಹಳದಿಯದು ಸದಾ ಜೀವವಿರುವುದು. ಕೆಂಪು, ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವುದು. ಕಪ್ಪು, ಕಾರಿನ ಮೈಗೆ ಸೇರುವ ಅರ್ತಿಂಗು. ಬಿಳಿ, ಬೂದಿ, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರುಗಳವು. ಆದರೆ ಕಾರಿನ ವೈರಿನ ಬಣ್ಣಗಳು ಬೇರೆ. ಮೇಸ್ತ್ರಿ ಯಾವ ಬಣ್ಣವನ್ನೂ ನಂಬದೆ, ಬ್ಯಾಟರಿಯನ್ನು ತಾತ್ಕಾಲಿಕವಾಗಿ ಕೂಡಿಸಿ, ಒಂದೊಂದನ್ನೂ ಮೀಟರಿನಿಂದ ಮುಟ್ಟಿ ನೋಡಿ, ಮತ್ತೆ ಕಳಚಿ, ಆಮೇಲೆ ಬೆಸುಗೆ ಹಾಕಿದರು. ಪ್ರತಿಯೊಂದು ಬೆಸುಗೆಯ ಮೇಲೂ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಕೊಳವೆಯ ಚೂರನ್ನು ತೊಡಿಸಿದರು. ತಗಡಿನ ತೂತಿಗೆ ರಬ್ಬರಿನ ಬುಷ್ಷು ಬಂದಿತು. ಬ್ಯಾಟರಿಯ ಪಕ್ಕದಲ್ಲಿ ಫ್ಯೂಸು ಕುಳಿತಿತು.

ಕಂಪ್ಯೂಟರಿನ ಸ್ಥಳವನ್ನು ಕುರಿತು ಸ್ವಲ್ಪ ಚರ್ಚೆಯಾಯಿತು. ಡ್ಯಾಶ್‌ಬೋರ್ಡಿನ ಮೇಲೆಯೇ ಇಡಬಹುದೆಂದು ನಾನೆಂದೆ. ಮೇಸ್ತ್ರಿ ತಲೆಯಾಡಿಸಿದರು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಆ ಜಾಗ ಕಾದ ಹೆಂಚಿನಂತಾಗುತ್ತದೆ. ಈ ಕಂಪ್ಯೂಟರಾದರೋ ತನ್ನ ಒಳಗಿನ ಬಿಸಿ ೮೦ ಡಿಗ್ರಿ ಮುಟ್ಟಿದರೆ ತಾನೇ ವೇಗವನ್ನು ತಗ್ಗಿಸಿಕೊಳ್ಳುವಂಥದು. ಆದಕಾರಣ ಎಡಗಡೆಯ ಗ್ಲೋವ್ ಬಾಕ್ಸಿನ ಹಿಂದಣ ನೆರಳಿನಲ್ಲಿ, ಗಾಳಿಯಾಡುವಂತೆ, ನಾಲ್ಕು ಕಾಲುಗಳ ಮೇಲೆ ಅದನ್ನು ನಿಲ್ಲಿಸಲಾಯಿತು. ಗುಂಡಿಗಾಗಿ ಸ್ಟೀರಿಯೋದ ಕೆಳಗಣ ಪ್ಲಾಸ್ಟಿಕ್ ಹಲಗೆಯಲ್ಲಿ ತೂತು ಕೊರೆದು ಅಂಚನ್ನು ಅರದಿಂದ ನಯಮಾಡಿದರು. ನೋಡುವ ತೆರೆ ಬೇಡವೇ ಬೇಡವೆಂದು ಭಾವನವರು ನಿರ್ಧರಿಸಿದರು. ಕಾರು ನಡೆಸುವವನ ಕಣ್ಣಿಗೆ ರಸ್ತೆಯೊಂದೇ ತೆರೆಯಾಗಿರಬೇಕೆಂಬ ಅವರ ಮಾತಿಗೆ ಅಳಿಯನೂ ಒಪ್ಪಿದನು.

ಇನ್ನೊಂದು ತೊಡಕು ಇದ್ದಿತು. ಸ್ಟೀರಿಯೋವನ್ನು ತಟ್ಟನೆ ಆರಿಸಿದರೆ ಬಾಧಕವಿಲ್ಲ. ಕಂಪ್ಯೂಟರನ್ನು ಹಾಗೆ ಆರಿಸಲಾಗದು. ಕಾರ್ಡಿನ ಮೇಲೆ ಏನನ್ನಾದರೂ ಬರೆಯುತ್ತಿರುವಾಗ ವಿದ್ಯುತ್ತು ನಿಂತರೆ ಬರೆಹವೆಲ್ಲ ಕೆಡಬಹುದು. ಅಕ್ಕನ ಹಾಡುಗಳಿರುವುದು ಆ ಕಾರ್ಡಿನಲ್ಲಿಯೇ. ಹಾಗೆಂದು ಸದಾ ಉರಿಯಲು ಬಿಟ್ಟರೆ ಬ್ಯಾಟರಿಯ ಗತಿಯೇನು? ಲೆಕ್ಕ ಹಾಕಿ ನೋಡಿರಿ. ಅದು ಸುಮ್ಮನಿದ್ದಾಗಲೂ ಬ್ಯಾಟರಿಯಿಂದ ಅರ್ಧ ಆಂಪಿಯರು ಎಳೆಯುತ್ತದೆಂದು ಇಟ್ಟುಕೊಂಡರೆ ದಿನಕ್ಕೆ ೧೨ ಆಂಪಿಯರ್-ಗಂಟೆ. ಚಿಕ್ಕ ಕಾರಿನ ಬ್ಯಾಟರಿಯಲ್ಲಿರುವುದು ಸುಮಾರು ೩೫. ಮೂರು ದಿನ ಕಾರು ನಿಂತರೆ ನಾಲ್ಕನೆಯ ದಿನ ನೂಕಬೇಕಾದೀತು. ಇದಕ್ಕೆ ಅಳಿಯನು ಕಂಡ ಉಪಾಯವೆಂದರೆ, ಕೀಲಿ ತೆಗೆದೊಡನೆ ಆ ಸಂಗತಿ ಕಂಪ್ಯೂಟರಿಗೆ ತಿಳಿಯುತ್ತದೆ. ಅದು ತನ್ನ ಲೆಕ್ಕಪತ್ರ ಮುಗಿಸಿ ಮಲಗಲು ರಿಲೇ ಅದಕ್ಕೆ ಒಂದು ನಿಮಿಷ ಅವಕಾಶ ಕೊಟ್ಟು, ಬಳಿಕ ವಿದ್ಯುತ್ತನ್ನು ಪೂರ್ತಿಯಾಗಿ ಕತ್ತರಿಸುತ್ತದೆ. ಹಾಡುಗಳಿರುವ ಭಾಗವನ್ನು ಓದಲು ಮಾತ್ರ ಬರುವಂತೆ, ಬರೆಯಲು ಬಾರದಂತೆ ಬೀಗ ಹಾಕಿದ್ದನು. ಇಷ್ಟಾದರೂ ಇನ್ನೊಂದು ಪ್ರತಿಯನ್ನು ಮನೆಯಲ್ಲಿ ಇಟ್ಟಿದ್ದಾನೆ.

ಸಂಜೆ ನಾಲ್ಕಕ್ಕೆ ಎಲ್ಲವೂ ಕೂಡಿತು. ಎಂಜಿನ್ ಹೊಡೆದೊಡನೆ ಸ್ಪೀಕರಿನಲ್ಲಿ ಕೀ ಎಂಬ ಸಣ್ಣ ಸ್ವರ ಹುಟ್ಟಿತು. ಎಂಜಿನ್ನಿನ ವೇಗ ಹೆಚ್ಚಿದಂತೆಲ್ಲ ಅದೂ ತಾರಕ್ಕೇರಿತು. ಅಳಿಯನ ಮುಖ ಸಪ್ಪಗಾಯಿತು. ಮೇಸ್ತ್ರಿ ನಕ್ಕರು. ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರಿನ ಕೂಗು ಅದು. ಸ್ಟೀರಿಯೋದ ಅರ್ತಿಂಗು ಒಂದು ಕಡೆ, ಕಂಪ್ಯೂಟರಿನದು ಇನ್ನೊಂದು ಕಡೆ ಕಾರಿನ ಮೈಗೆ ಸೇರಿದ್ದರೆ, ಎರಡರ ನಡುವಣ ಸೂಕ್ಷ್ಮವಾದ ವ್ಯತ್ಯಾಸ ಹಾಡಿನ ವೈರಿನಲ್ಲಿ ಹರಿದು ಸದ್ದಾಗುತ್ತದೆ. ಅವರು ಎರಡನ್ನೂ ಕಳಚಿ, ತಗಡಿನ ಒಂದು ಜಾಗದಲ್ಲಿ ಬಣ್ಣವನ್ನು ಹೊಳೆಯುವಂತೆ ಕೆರೆದು, ಒಂದೇ ಬೋಲ್ಟಿನಡಿಯಲ್ಲಿ ಬಿಗಿದರು. ಮತ್ತೆ ಎಂಜಿನ್ ಹೊಡೆದರೆ ಕೂಗು ನಿಂತಿತ್ತು.

ಭಾವನವರು ಗುಂಡಿಯನ್ನು ಒತ್ತಿದರು. ಮೊದಲು ಪಾತ್ರೆಯ ಸದ್ದು, ಯಾರೋ ಮಗುವನ್ನು ಗದರಿದ ಮಾತು, ಒಂದು ಕೆಮ್ಮು; ಅನಂತರ ಅಕ್ಕನ ದನಿ. ರಸ್ತೆಯ ಹಾರನ್ನುಗಳ ನಡುವೆಯೂ ಅದು ಸ್ಪಷ್ಟವಾಗಿತ್ತು. ಹಾಡು ಮುಗಿಯುವವರೆಗೆ ಮೇಸ್ತ್ರಿಯೂ ಅವರ ಹುಡುಗನೂ ಕೈಕಟ್ಟಿ ನಿಂತಿದ್ದರು. ಭಾವನವರು, "ಶ್ರುತಿ ಸ್ವಲ್ಪ ಹೆಚ್ಚಾಯಿತು. ಆ ದಿನ ಅವಳಿಗೆ ನೆಗಡಿ" ಎಂದಷ್ಟೇ ಹೇಳಿ ಕೂಲಿಯ ಮಾತೆತ್ತಿದರು. ಕೇಳಿದ್ದಕ್ಕಿಂತ ನೂರು ರೂಪಾಯಿ ಹೆಚ್ಚು ಕೊಡಹೋದರೆ ಮೇಸ್ತ್ರಿ, "ಹಳೇ ವೈರು ಕಿತ್ತಿದ್ದಕ್ಕೆ ಕಾಸು ಬೇಡ ಯಜಮಾನ್ರೇ, ಅದು ಇರಬಾರದಿತ್ತು" ಎಂದು ಹಿಂದಿರುಗಿಸಿದರು.

ಈ ಕಸಬಿಗೆ ಈಗ ಕಷ್ಟಕಾಲ ಬಂದಿದೆ. ಹೊಸ ಕಾರುಗಳಲ್ಲಿ ಅಗಲವಾದ ತೆರೆ ಕಾರ್ಖಾನೆಯಿಂದಲೇ ಕೂಡಿ ಬರುತ್ತದೆ. ಹಲವು ಕಾರುಗಳಲ್ಲಿ ಹಾಡು ಮಾತ್ರವಲ್ಲದೆ ತಂಪುಗಾಳಿಯ ನಿಯಂತ್ರಣ, ಹಿಂಬದಿಯ ಕ್ಯಾಮೆರಾ, ಇವೂ ಅದರೊಳಗೇ ಹೆಣೆದುಕೊಂಡಿರುತ್ತವೆ. ಅವುಗಳಲ್ಲಿ ೧೮೦ಕ್ಕೆ ೫೦ರ ಕಿಂಡಿಯೇ ಇಲ್ಲ. ಮುಟ್ಟಿದರೆ ಕಂಪನಿಯ ಗ್ಯಾರಂಟಿ ಹೋದೀತೆಂಬ ಭಯ ಬೇರೆ. ತಮ್ಮ ಬಳಿಗೆ ಈಗ ಬರುವವು ಬಹುತೇಕ ಹಳೆಯ ಕಾರುಗಳೆಂದು ಮೇಸ್ತ್ರಿ ಹೇಳಿದರು. ಅವರ ಮಗ ಬೇರೆ ಉದ್ಯೋಗ ಹಿಡಿದಿದ್ದಾನಂತೆ.

ಆ ಬೀದಿಗೆ ಹೋಗುವ ವಾಚಕರಿಗೆ ನಾನು ಹೇಳಬೇಕಾದದ್ದು ಇಷ್ಟೆ. ಕಾರಿನ ಮುಂದಣ ಹಲಗೆಯ ಹೊಳಪನ್ನು ಯಾರು ಬೇಕಾದರೂ ತಂದುಕೊಡುತ್ತಾರೆ. ಹಲಗೆಯನ್ನು ಮುಚ್ಚುವುದಕ್ಕೆ ಮುಂಚೆ ಅದರ ಹಿಂದನ್ನು ತೋರಿಸೆಂದು ಕೇಳಿರಿ. ಫ್ಯೂಸು ಎಲ್ಲಿದೆ, ಅರ್ತಿಂಗು ಎಲ್ಲಿ ಸೇರಿದೆ, ತಗಡು ದಾಟುವಲ್ಲಿ ರಬ್ಬರು ಇದೆಯೆ, ಕೂಡಿದ ಕಡೆ ಬೆಸುಗೆ ಇದೆಯೆ, ಈ ನಾಲ್ಕನ್ನು ಕೇಳಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಬಲ್ಲವನಾದರೆ ಸಂತೋಷದಿಂದ ತೋರಿಸುವನು. ಸಿಡುಕಿದರೆ ಪಕ್ಕದ ಅಂಗಡಿಗೆ ನಡೆಯಿರಿ. ಹಳೆಯ ಕಾರಿದ್ದು ಅದರಲ್ಲಿ ಎಂದೋ ಕೂಡಿಸಿದ ಯಂತ್ರವಿದ್ದರೆ, ಅದು ಹಾಡುತ್ತಿದ್ದರೂ ಸರಿಯೆ, ಮೂಕವಾಗಿದ್ದರೂ ಸರಿಯೆ, ಒಂದು ದಿನ ಬಿಚ್ಚಿಸಿ ನೋಡಿಸುವುದು ಒಳ್ಳೆಯದು.